ಸಂಶೋಧನೆಗೆ ದೇಣಿಗೆ ಎತ್ತಬೇಕು, ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ: ಎಲ್ಲಿಂದ ಶುರು?

ಹೊಸ ಎಂ.ಡಿ.:
ಟ್ರಸ್ಟ್ ನಡೆಸುವ ಮೆಡಿಕಲ್ ಕಾಲೇಜು, ಸೀನಿಯರ್ ರೆಸಿಡೆಂಟ್ ಹುದ್ದೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಒಮ್ಮೆ ಮಾಯ್ದ ಮೇಲೆ ಮತ್ತೆ ಯಾರಿಗೆ ಬರುತ್ತದೆ ಎಂದು 18 ತಿಂಗಳು ನೋಡುವ ಅಧ್ಯಯನ ಇದು. ಹೊಸ ಔಷಧಿ ಏನೂ ಕೊಡುವುದಿಲ್ಲ. 200 ಜನ ಬೇಕು, ತಲಾ 3 ಭೇಟಿ, ಅಂದಾಜು ₹8 ಲಕ್ಷ. ಕ್ರೌಡ್‌ಫಂಡಿಂಗ್ ಪುಟ ತೆರೆದು ಸ್ವಂತ ಯುಪಿಐ ಹಾಕಬಹುದೇ? ಅಮೆರಿಕದ ನೆಂಟರೂ ಒಂದೆರಡು ಕಂಪನಿಯವರೂ ಕೊಡುತ್ತೇವೆ ಅಂದಿದ್ದಾರೆ.

ಲೆಕ್ಕದ ಮೇಷ್ಟ್ರು:
ಸ್ವಂತ ಯುಪಿಐ ಬೇಡವೇ ಬೇಡ ಡಾಕ್ಟ್ರೇ. ನೆಂಟರಲ್ಲದವರಿಂದ ವರ್ಷಕ್ಕೆ ಒಟ್ಟು ₹50,000 ದಾಟಿ ಬಂದರೆ ಅದಷ್ಟೂ ನಿಮ್ಮ ಆದಾಯವೆಂದು ತೆರಿಗೆ ಬೀಳುತ್ತದೆ. ಕೊಟ್ಟವರಿಗೆ ವಿನಾಯಿತಿಯೂ ಇಲ್ಲ.

ಮೊದಲು ಟ್ರಸ್ಟ್ ಕಚೇರಿಗೆ ಹೋಗಿ ಎರಡು ವಿಷಯ ಕೇಳಿ: 80ಜಿ ಅನುಮೋದನೆ (ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವುದು ಇದೇ) ಚಾಲ್ತಿಯಲ್ಲಿದೆಯೇ, ನಿಮ್ಮ ಅಧ್ಯಯನದ ಹೆಸರಿನಲ್ಲಿ ಪ್ರತ್ಯೇಕ ಲೆಡ್ಜರ್ (ಲೆಕ್ಕದ ಖಾತೆ) ತೆರೆಯುತ್ತಾರೆಯೇ. ಎರಡನೆಯದಕ್ಕೆ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಇಲ್ಲದಿದ್ದರೆ ಹಣ ಸಾಮಾನ್ಯ ನಿಧಿಗೆ ಸೇರಿ, ಆರು ತಿಂಗಳ ಮೇಲೆ ಸಹಾಯಕರ ಸಂಬಳ ಕೇಳಲು ಹೋದಾಗ "ಯಾವ ಹಣ?" ಅನ್ನುತ್ತಾರೆ.

ಹಣ ಬರುವ ದಿನವೇ ದಾನಿಯ ಹೆಸರು, ವಿಳಾಸ, ಪ್ಯಾನ್ ಬರೆದಿಟ್ಟುಕೊಳ್ಳಿ. ದೇಣಿಗೆಗಳ ವಿವರಪಟ್ಟಿಯನ್ನು ಮೇ 31ರೊಳಗೆ ಟ್ರಸ್ಟ್ ಸಲ್ಲಿಸಬೇಕು, ದಾನಿಯ ಪ್ರಮಾಣಪತ್ರ ಅದರಿಂದಲೇ ಹುಟ್ಟುತ್ತದೆ. ಪ್ಯಾನ್‌ನಲ್ಲಿ ಒಂದಕ್ಷರ ತಪ್ಪಿದರೂ ವಿನಾಯಿತಿ ಸಿಗದೆ ಅವರು ನಿಮಗೇ ಫೋನ್ ಮಾಡುತ್ತಾರೆ. ₹2,000ಕ್ಕಿಂತ ಹೆಚ್ಚು ನಗದಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಇಲ್ಲ, ಇದನ್ನು ಮೊದಲೇ ಹೇಳಿಬಿಡಿ. 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ, ಹಾಗಾಗಿ ರಸೀದಿಯ ನಮೂನೆಯನ್ನು ಆಡಿಟರ್‌ಗೆ ತೋರಿಸಿಯೇ ಅಚ್ಚು ಹಾಕಿಸಿ.

ಅಮೆರಿಕದ ನೆಂಟರ ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ್ದಾದರೆ, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ, ಅದು ವಿದೇಶಿ ದೇಣಿಗೆಯೇ. ಟ್ರಸ್ಟ್‌ಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕು. ನೋಂದಣಿ ಇಲ್ಲವೆಂದರೆ ಆ ಹಣ ಮುಟ್ಟಬೇಡಿ, ಎಷ್ಟೇ ಆಪ್ತರಾಗಿರಲಿ.

ಸಮಿತಿ ಕಡತ:
ಬಜೆಟ್ ನೋಡಿದರೆ ₹8 ಲಕ್ಷ ಸಾಲದು. ಕೊನೆಗೆ 200 ಜನ ಉಳಿಯಬೇಕು, 15% ಜನ ನಡುವೆ ಬಿಟ್ಟುಹೋಗುತ್ತಾರೆ ಅಂದುಕೊಂಡರೆ 236 ಜನರನ್ನು ಸೇರಿಸಿಕೊಳ್ಳಬೇಕು. ಪರೀಕ್ಷೆಗೆ ತಲಾ ₹450 ಹಿಡಿದರೆ 3 ಭೇಟಿಗೆ ₹3,18,600. ಬಸ್ ಚಾರ್ಜಿಗೆ ₹150ರಂತೆ ₹1,06,200. ಕ್ಷೇತ್ರ ಸಹಾಯಕರೊಬ್ಬರು, ತಿಂಗಳಿಗೆ ₹22,000, 18 ತಿಂಗಳಿಗೆ ₹3,96,000. ಸಂಖ್ಯಾಶಾಸ್ತ್ರಜ್ಞರಿಗೆ ₹40,000. ಒಟ್ಟು ₹8,60,800, ಕಾಲೇಜು 10% ಹಿಡಿದುಕೊಂಡರೆ ₹9,46,880. ದರಗಳನ್ನು ನಿಮ್ಮ ಲ್ಯಾಬಿನಿಂದ ತಿದ್ದಿಕೊಳ್ಳಿ.

ಬಸ್ ಚಾರ್ಜ್ ಮಾತ್ರ ಕೈಬಿಡಬೇಡಿ. ಹುಣ್ಣು ಮಾಯ್ದಿದೆ, ನೋವಿಲ್ಲ. ಕೂಲಿ ಬಿಟ್ಟು ಮೂರನೇ ಭೇಟಿಗೆ ಯಾರು ಬರುತ್ತಾರೆ? ಬಾರದೆ ಉಳಿಯುವವರು ಹೆಚ್ಚಾಗಿ ಬಡವರು, ದೂರದ ಹಳ್ಳಿಯವರು. ಹುಣ್ಣು ಮರುಕಳಿಸುವ ಅಪಾಯವೂ ಅವರಿಗೇ ಹೆಚ್ಚು. ಅವರು ತಪ್ಪಿಹೋದರೆ ನಿಮ್ಮ ಉತ್ತರವೇ ತಪ್ಪಾಗುತ್ತದೆ. ದಾನಿಗೆ ಇದನ್ನೇ ಹೇಳಿ: "₹600ಕ್ಕೆ ಒಬ್ಬ ರೋಗಿಯ ಒಂದು ಭೇಟಿ, ಪರೀಕ್ಷೆಯೂ ಬಸ್ ಚಾರ್ಜೂ ಸೇರಿ." "ಸಂಶೋಧನೆಗೆ ನೆರವಾಗಿ" ಅನ್ನುವುದಕ್ಕಿಂತ ಇದು ಮನಸ್ಸಿಗೆ ನಾಟುತ್ತದೆ.

ಕಾಲೇಜಿನ ನೈತಿಕ ಸಮಿತಿಯ (ರೋಗಿಗಳ ಮೇಲಿನ ಅಧ್ಯಯನಗಳನ್ನು ಪರಿಶೀಲಿಸುವ ಸಮಿತಿ) ಅನುಮತಿ ಕೈಗೆ ಬರುವವರೆಗೆ ದುಡ್ಡು ಕೇಳಬೇಡಿ, ಹಣದ ಮೂಲವನ್ನೂ ಸಮಿತಿಗೆ ತಿಳಿಸಿ. ಈಗ ಚಿಕಿತ್ಸೆಯಲ್ಲಿರುವ ನಿಮ್ಮದೇ ರೋಗಿಗಳ ಬಳಿ ಕೇಳಲೇಬೇಡಿ, ಅವರಿಗೆ ಇಲ್ಲ ಅನ್ನಲು ಆಗುವುದಿಲ್ಲ. ಪುಟಕ್ಕೆ ಹುಣ್ಣಿನ ಫೋಟೊ ಹಾಕುವುದಾದರೆ ಅದಕ್ಕೇ ಬೇರೆ ಒಪ್ಪಿಗೆ ಪತ್ರ. ಅಧ್ಯಯನದ ಒಪ್ಪಿಗೆ ಸಾಕಾಗುವುದಿಲ್ಲ.

ಇನ್ನೊಂದು ಮಾತು. ಸೀನಿಯರ್ ರೆಸಿಡೆಂಟ್ ಅವಧಿ ಅಧ್ಯಯನಕ್ಕಿಂತ ಮೊದಲೇ ಮುಗಿಯಬಹುದು. ಕಾಯಂ ಪ್ರಾಧ್ಯಾಪಕರೊಬ್ಬರನ್ನು ಜೊತೆ ಸಂಶೋಧಕರಾಗಿ ಹಾಕಿಕೊಳ್ಳಿ, ನೀವು ಹೋದರೆ ಹಣ, ದತ್ತಾಂಶ ಯಾರ ಕೈಯಲ್ಲಿ ಎಂದು ಬರೆದಿಡಿ.

ಹೊಸ ಎಂ.ಡಿ.:
ತುಂಬಾ ಉಪಕಾರ. ಕಂಪನಿಗಳಲ್ಲಿ ಒಂದು ಗಾಯಕ್ಕೆ ಕಟ್ಟುವ ಡ್ರೆಸಿಂಗ್ ಮಾರುತ್ತದೆ. ಅವರಿಂದ ಸಿಎಸ್‌ಆರ್ ಹಣ (ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡುವ ಹಣ) ಪಡೆಯಬಹುದೇ?

ಲೆಕ್ಕದ ಮೇಷ್ಟ್ರು:
ನನ್ನ ಕೇಳಿದರೆ ಬೇಡ. ಕಂಪನಿಯ ಮಾಮೂಲಿ ವ್ಯಾಪಾರಕ್ಕೆ ಸೇರಿದ ಕೆಲಸ ಸಿಎಸ್‌ಆರ್ ಅನ್ನಿಸಿಕೊಳ್ಳುವುದಿಲ್ಲ. ಅವರು ಬೇರೆ ರೀತಿಯಲ್ಲಿ ಕೊಟ್ಟರೂ, ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಹಕ್ಕು ನಿಮ್ಮದೇ ಎಂದು ಒಪ್ಪಂದದಲ್ಲಿ ಇರಬೇಕು, ಲೇಖನದಲ್ಲಿ ಅವರ ಹೆಸರು ಹೇಳಬೇಕು.

ಇನ್ನೊಂದು ಕಂಪನಿಯ ಜೊತೆ ಮಾತಾಡಿ. ಟ್ರಸ್ಟ್ ಮೊದಲು ಸಿಎಸ್‌ಆರ್-1 ನಮೂನೆ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಉಳಿದ ಹಣ ಖರ್ಚು ಮಾಡುವ ಅವಸರದಲ್ಲಿ ಕೊಡಲು ಬರುತ್ತಾರೆ. ಆಗ ನಿಮ್ಮದನ್ನು "ಮುಂದುವರಿಯುವ ಯೋಜನೆ" ಎಂದು ಅವರ ಮಂಡಳಿ ನಿರ್ಣಯ ಮಾಡಿದೆಯೇ ಕೇಳಿ. ಹಾಗೆ ಮಾಡಿದರೆ ಶುರುವಾದ ವರ್ಷ ಬಿಟ್ಟು 3 ವರ್ಷದವರೆಗೆ ಹಣ ಕಂತಿನಲ್ಲಿ ಬರಬಹುದು. ಇಲ್ಲವಾದರೆ ಮೊದಲ ಕಂತಿಗೇ ನಿಂತುಹೋಗಿ, 236 ಜನರನ್ನು ಸೇರಿಸಿಕೊಂಡ ಮೇಲೆ ಸಹಾಯಕರಿಗೆ ಸಂಬಳವಿಲ್ಲದ ಹಾಗಾಗುತ್ತದೆ. ಕನಿಷ್ಠ ಆ ₹3,96,000 ಲೆಡ್ಜರಿಗೆ ಬೀಳುವವರೆಗೆ ಮೊದಲ ರೋಗಿಯನ್ನು ಸೇರಿಸಿಕೊಳ್ಳಬೇಡಿ.