ಡೇಟಾಬೇಸ್ ಹೋಲಿಕೆ ಪಟ್ಟಿ ನಡೆಸಿ ಸಾಕಾಗಿದೆ, ನಿಮ್ಮ ಅನುಭವ ಹೇಳಿ

ಗೋಣಿಕೊಪ್ಪ ಸಂತೆ:
ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಮರಿಯಾಡಿಬಿ, ಎಸ್‌ಕ್ಯೂಲೈಟ್. ಮಾಹಿತಿ ಇಡುವ ಈ ನಾಲ್ಕು ಡೇಟಾಬೇಸ್ ಸಾಫ್ಟ್‌ವೇರ್‌ಗಳಲ್ಲಿ ಯಾವುದರಲ್ಲಿ ಏನಿದೆ, ಏನಿಲ್ಲ ಅಂತ ಕನ್ನಡದಲ್ಲಿ ಪಟ್ಟಿ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದೇನೆ. 90 ಸಾಲು ಆಗಿದೆ. ಮೊದಲು ಖುಷಿ ಇತ್ತು. ಈಗ ದಿನಾ ಒಬ್ಬರಾದರೂ "ಇದು ತಪ್ಪು" ಅಂತ ಬರೆಯುತ್ತಾರೆ. ಕಂಪನಿ ಕೆಲಸ ಮನೆಯಿಂದಲೇ, ಮೇಲೆ ಕಾಫಿ ಕುಯ್ಲು ಬೇರೆ ಶುರುವಾಗಿದೆ. ಮುಂದುವರಿಸಲಾ, ಯಾರಿಗಾದರೂ ಕೊಡಲಾ, ಮುಚ್ಚಲಾ?

ಮಡಿಕೇರಿ ಮಂಜು:
ಮೇಡಂ, ನಾನೂ ಇಂಥದೇ ಪಟ್ಟಿ ನಡೆಸುತ್ತೇನೆ, ಅದರ ಒಂದೇ ಒಂದು ಖಾನೆ ನನ್ನ ಮಾನ ಕಳೆಯಿತು. ಚೆಕ್ ನಿರ್ಬಂಧ (ತೂಕ ಸೊನ್ನೆಗಿಂತ ಹೆಚ್ಚಿರಲಿ ಎಂಬಂಥ ನಿಯಮ) ಅನ್ನುವ ಸಾಲಿನಲ್ಲಿ ಮೈಎಸ್‌ಕ್ಯೂಎಲ್ ಕೆಳಗೆ "ಇದೆ" ಅಂತ ಬರೆದಿದ್ದೆ. ಸುಳ್ಳಲ್ಲ. ಟೇಬಲ್ ಮಾಡುವಾಗ ಚೆಕ್ ಬರೆದರೆ ತಕರಾರಿಲ್ಲದೆ ಒಪ್ಪಿಕೊಳ್ಳುತ್ತಿತ್ತು. ಒಪ್ಪಿಕೊಂಡು ಮರೆತುಬಿಡುತ್ತಿತ್ತು! 2019ರಲ್ಲಿ 8.0.16 ಆವೃತ್ತಿ ಬರುವ ತನಕ ಅದೇ ಕಥೆ. ಸುಂಟಿಕೊಪ್ಪದ ಕಡೆ ಕಾಫಿ ಕೊಳ್ಳುವವರೊಬ್ಬರು ನನ್ನ ಪಟ್ಟಿ ನಂಬಿ ತೂಕದ ಲೆಕ್ಕ ಬರೆಸಿದರು. ಅವರಲ್ಲಿ ಇದ್ದದ್ದು ಅದಕ್ಕಿಂತ ಹಳೆಯ 5.7. ರೈಟರ್ ಕೈತಪ್ಪಿ 50 ಕೆಜಿ ಬದಲು -50 ಒತ್ತಿದ, ಒಳಗೆ ಹೋಯಿತು. ಹೀಗೆ 17 ಚೀಟಿ. ಸೀಸನ್ ಮುಗಿದ ಮೇಲೆ ಚೀಲ ಒಂದು ಹೇಳುತ್ತದೆ, ಲೆಕ್ಕ ಇನ್ನೊಂದು ಹೇಳುತ್ತದೆ. ಮೂರು ಭಾನುವಾರ ಹೋಗಿ ಕೂತೆ. ಪೆಟ್ರೋಲ್ 640 ರೂಪಾಯಿ ನನ್ನದು. ಊಟ ಅವರದು, ಬೈಗುಳವೂ ಅವರದೇ. ಅವತ್ತಿನಿಂದ ನನ್ನ ಪಟ್ಟಿಯಲ್ಲಿ "ಇದೆ", "ಇಲ್ಲ" ಜೊತೆಗೆ "ಒಪ್ಪುತ್ತದೆ, ಪಾಲಿಸುವುದಿಲ್ಲ" ಅಂತ ಮೂರನೆಯದೂ ಇದೆ. ಇದನ್ನು ಮೊದಲು ಬರೆದವನು ನಾನು. ಆಮೇಲೆ ಎಲ್ಲರೂ ಕದ್ದರು.

ಸಿದ್ದಾಪುರ ಓಟಿ:
ಮಂಜು ಅಣ್ಣ, ಅದರಲ್ಲಿ ಕದಿಯೋಕೆ ಏನಿದೆ? ಕೈಯಲ್ಲಿ ಬರೆದ ಪಟ್ಟಿ ಯಾವತ್ತಿದ್ದರೂ ಹಳಸುತ್ತದೆ. ನಾನು ಬರೆಯುವುದನ್ನೇ ಬಿಟ್ಟೆ. ಸಾಲಿಗೊಂದು ಪುಟ್ಟ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆಜ್ಞೆ ಕೊಡುವ ಭಾಷೆ) ಪರೀಕ್ಷೆ. ಒಂದೇ ಯಂತ್ರದಲ್ಲಿ ಹಲವು ಆವೃತ್ತಿಗಳನ್ನು ಬೇರೆಬೇರೆಯಾಗಿ ಓಡಿಸುವ ಡಾಕರ್‌ನಲ್ಲಿ ಎಲ್ಲ ಏಳುತ್ತವೆ, ಪರೀಕ್ಷೆ ಓಡುತ್ತದೆ, ಪಟ್ಟಿ ತಾನೇ ತಯಾರು. ಪೋಸ್ಟ್‌ಗ್ರೆಸ್‌ನ ದೊಡ್ಡ ಆವೃತ್ತಿ ವರ್ಷಕ್ಕೊಂದು ಬರುತ್ತದೆ, ಒಂದೊಂದಕ್ಕೆ 5 ವರ್ಷ ಬೆಂಬಲ, ಅಂದರೆ ಯಾವಾಗಲೂ ಐದನ್ನು ಓಡಿಸಬೇಕು. ಆದರೂ ಅದು ಮರ್ಯಾದಸ್ಥ. ಚಿಕ್ಕ ಆವೃತ್ತಿಯಲ್ಲಿ ಬರೀ ರಿಪೇರಿ, ಹೊಸದೇನೂ ಸೇರುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ "8.0" ಅಂತ ಬರೆದರೆ ಏನೂ ಬರೆದ ಹಾಗಲ್ಲ. 8.0.15ರಲ್ಲಿ ಇಲ್ಲದ್ದು 8.0.16ರಲ್ಲಿ ಬಂದು ಕೂತಿರುತ್ತದೆ.

ಖರ್ಚು ಕೇಳಿ. ರ‍್ಯಾಮ್ 3,900. ಎಸ್‌ಎಸ್‌ಡಿ 4,250. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ಆರು ದಿನ ಕರೆಂಟ್ ಇಲ್ಲ, ಇನ್ವರ್ಟರ್ ಬ್ಯಾಟರಿ ಸತ್ತಿತು, 14,500. ಆ ಬ್ಯಾಟರಿ ಫ್ರಿಜ್‌ಗೆ ಅಂತ ಮನೆಯಲ್ಲಿ ಹೇಳಿದ್ದೇನೆ.

ಮಡಿಕೇರಿ ಮಂಜು:
ಆರು ದಿನಕ್ಕೆ ಇಷ್ಟಾ? 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ನಮಗೆ ರಸ್ತೆಯೇ ಇರಲಿಲ್ಲ ಮಾರಾಯ್ರೆ. ಮತ್ತೆ ನಿಮ್ಮ ಪರೀಕ್ಷೆ ಟೇಬಲ್ ಆಯಿತಾ ಅಂತ ತಾನೇ ನೋಡುವುದು? ನನ್ನ -50 ಅದರಲ್ಲಿ ಸಿಗುತ್ತಿತ್ತಾ?

ಸಿದ್ದಾಪುರ ಓಟಿ:
ಸಿಗುತ್ತದೆ. ಬೇಕಂತಲೇ ತಪ್ಪು ಸಾಲು ಹಾಕಿ, ಒಳಗೆ ಬಿಟ್ಟಿತಾ ಅಂತ ನೋಡುತ್ತೇನೆ. ಮೊದಲು ಓದಿ, ಆಮೇಲೆ ಬೈಯಿರಿ.

ಕುಶಾಲನಗರ ಹೊಳೆಬದಿ:
ನನ್ನ ಪಟ್ಟಿಯನ್ನು ನಾನು ಮುಚ್ಚಿದೆ. ಚೆನ್ನಾಗಿ ನಿದ್ದೆ ಬರುತ್ತಿದೆ. ನನ್ನನ್ನು ಕೊಂದದ್ದು ಲೈಸೆನ್ಸ್ ಕಾಲಂ. ತಲೆಬರಹದಲ್ಲಿ "ಓಪನ್ ಸೋರ್ಸ್" (ಯಾರು ಬೇಕಾದರೂ ಬಳಸಿ, ಬದಲಾಯಿಸಬಹುದಾದದ್ದು) ಅಂತ ಇತ್ತು. 2018ರಲ್ಲಿ ಮೊಂಗೊಡಿಬಿ ಅನ್ನುವ ಡೇಟಾಬೇಸ್ ಎಸ್‌ಎಸ್‌ಪಿಎಲ್‌ಗೆ (ಓಪನ್ ಸೋರ್ಸ್ ಅಂತ ಮಾನ್ಯತೆ ಇಲ್ಲದ ಲೈಸೆನ್ಸ್) ಹೋಯಿತು, ತೆಗೆದೆ, ಬೈದರು. ನಕ್ಷತ್ರ ಗುರುತು ಹಾಕಿ ವಾಪಸ್ ತಂದೆ, ಇನ್ನೂ ಜಾಸ್ತಿ ಬೈದರು. 2024ರ ಮಾರ್ಚ್‌ನಲ್ಲಿ ಹುಡುಗರ ತರಬೇತಿಗೆ ಅಂತ ಪಟ್ಟಿಯ 200 ಕಲರ್ ಪ್ರತಿ ತೆಗೆಸಿದೆ. ಒಂದಕ್ಕೆ 12 ರೂಪಾಯಿ, ಒಟ್ಟು 2,400. ಅದೇ ತಿಂಗಳು ರೆಡಿಸ್ ಅನ್ನುವ ಡೇಟಾಬೇಸ್ ಓಪನ್ ಸೋರ್ಸ್ ಬಿಟ್ಟು ಲೈಸೆನ್ಸ್ ಬದಲಾಯಿಸಿತು. ಅದರಿಂದ ಕವಲೊಡೆದು ವಾಲ್ಕಿ ಹುಟ್ಟಿತು. ಪೆನ್ನು ತಗೊಂಡು 200 ಹಾಳೆ ತಿದ್ದಿದೆ. 2025ರ ಮೇನಲ್ಲಿ ರೆಡಿಸ್ 8 ಬಂತು, ಎಜಿಪಿಎಲ್ ಅನ್ನುವ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲೂ ಸಿಗುತ್ತದಂತೆ! ಅಷ್ಟರಲ್ಲಿ ಹಾಳೆಗಳು ಒಲೆಗೆ ಹೋಗಿದ್ದವು.

ಬಾಳೆಲೆ ಮೆಣಸು:
ಮೂವರಲ್ಲಿ ಒಬ್ಬರಾದರೂ ಮರಿಯಾಡಿಬಿ ಹೆಸರು ಎತ್ತಿದಿರಾ? ಎಲ್ಲರೂ ಅದನ್ನು ಮೈಎಸ್‌ಕ್ಯೂಎಲ್‌ನ ತಮ್ಮ ಅಂತ ಒಂದೇ ಕಾಲಂನಲ್ಲಿ ಮಲಗಿಸುತ್ತೀರಿ. ಬೇರೆ ಮನೆ ಮಾಡಿದ್ದು 2009ರಲ್ಲಿ. ಮಂಜು ಸಾರ್, ನಿಮ್ಮ ಚೆಕ್ ಅದರಲ್ಲಿ 2017ರಿಂದಲೇ, 10.2ರಿಂದಲೇ, ಕೆಲಸ ಮಾಡುತ್ತಿದೆ. ನನಗೆ ಬಿದ್ದ ಪೆಟ್ಟು ಜೆಸನ್ (ಹೆಸರು-ಮೌಲ್ಯಗಳ ಜೋಡಿಯಾಗಿ ಮಾಹಿತಿ ಬರೆಯುವ ರೂಪ) ವಿಷಯದ್ದು. ಯಾರದೋ ಪಟ್ಟಿಯಲ್ಲಿ ಎರಡಕ್ಕೂ "ಇದೆ". ಮೈಎಸ್‌ಕ್ಯೂಎಲ್‌ನಲ್ಲಿ ಅದು ಬೇರೆಯದೇ ಬೈನರಿ ರೂಪ. ಮರಿಯಾಡಿಬಿಯಲ್ಲಿ ಜೆಸನ್ ಅಂದರೆ ಉದ್ದ ಪಠ್ಯ ಇಡುವ ಲಾಂಗ್‌ಟೆಕ್ಸ್ಟ್‌ಗೆ ಇನ್ನೊಂದು ಹೆಸರು, ಅಷ್ಟೇ. ಒಂದರ ಫೈಲ್ ಎತ್ತಿ ಇನ್ನೊಂದರಲ್ಲಿ ಇಟ್ಟರೆ ಓದಲೇ ಇಲ್ಲ. ಡಂಪ್ (ಎಲ್ಲ ಮಾಹಿತಿಯ ಪಠ್ಯ ಪ್ರತಿ) ತೆಗೆದು ತುಂಬಿದೆ, ಒಂಬತ್ತು ಸಂಜೆ. ಪುತ್ತರಿಯ ದಿನವೂ ಕಂಪ್ಯೂಟರ್ ಮುಂದೆ.

ಮಡಿಕೇರಿ ಮಂಜು:
ನನ್ನ ಪಟ್ಟಿಯಲ್ಲಿ ಬೇರೆ ಕಾಲಂ ಇದೆ ಸ್ವಾಮಿ. ಸುಮ್ನೆ ಎಲ್ಲರನ್ನೂ ಸೇರಿಸಬೇಡಿ.

ಬಾಳೆಲೆ ಮೆಣಸು:
ಇದೆ, ಅರ್ಧ ಖಾಲಿ. ನೋಡಿದ್ದೇನೆ.

ನಾಪೋಕ್ಲು ಮಳೆಪುಸ್ತಕ:
ಸಣ್ಣ ಕಥೆ. ಅಪ್ಪನ ಮಳೆ ಪುಸ್ತಕ 31 ವರ್ಷದ್ದು, ಎಸ್‌ಕ್ಯೂಲೈಟ್‌ಗೆ ಹಾಕಿದೆ. ಕಾಲಂ ರಿಯಲ್ (ದಶಮಾಂಶ ಅಂಕಿಗೆ), ಇಂಚಿನ ಲೆಕ್ಕ. ಅಪ್ಪ ಮಳೆ ಬಾರದ ದಿನ "ಇಲ್ಲ" ಅಂತ ಬರೆದಿದ್ದರು, ಟೈಪ್ ಮಾಡಿದ ಹುಡುಗನೂ ಹಾಗೇ ಹಾಕಿದ. ಎಸ್‌ಕ್ಯೂಲೈಟ್ ಚಕಾರ ಎತ್ತಲಿಲ್ಲ. ಅತಿ ಹೆಚ್ಚು ಮಳೆ ಎಷ್ಟು ಅಂತ ಮ್ಯಾಕ್ಸ್ ಕೇಳಿದೆ. ಉತ್ತರ: "ಇಲ್ಲ". ಅದರ ಲೆಕ್ಕದಲ್ಲಿ ಅಕ್ಷರ ಯಾವಾಗಲೂ ಅಂಕಿಗಿಂತ ದೊಡ್ಡದು. ನಾಪೋಕ್ಲಿನಲ್ಲಿ ಕೂತು ಈ ಉತ್ತರ ಓದಬೇಕು! 2021ರ 3.37 ಆವೃತ್ತಿಯಿಂದ ಸ್ಟ್ರಿಕ್ಟ್ ಟೇಬಲ್ (ತಪ್ಪು ಬಗೆಯ ಮೌಲ್ಯ ಒಪ್ಪದ್ದು) ಇದೆ, ಆದರೆ ನಾವೇ ಕೇಳಿ ಹಾಕಬೇಕು. ಪಟ್ಟಿಯಲ್ಲಿ "ಇದೆ" ಅಂತ ಮಾತ್ರ ಇರುತ್ತದೆ, "ಕೇಳಿದರೆ ಮಾತ್ರ" ಅಂತ ಯಾರೂ ಬರೆಯುವುದಿಲ್ಲ. ವಿದೇಶಿ ಕೀಲಿಯದೂ (ಫಾರಿನ್ ಕೀ: ಒಂದು ಟೇಬಲ್ ಸೂಚಿಸುವ ಸಾಲು ಇನ್ನೊಂದರಲ್ಲಿ ಇರಲೇಬೇಕು ಎಂಬ ನಿಯಮ) ಇದೇ ಪಾಡು. ಪ್ರಾಗ್ಮಾ ಅನ್ನುವ ಆಜ್ಞೆ ಕೊಟ್ಟು ಆನ್ ಮಾಡಬೇಕು.

ಕುಶಾಲನಗರ ಹೊಳೆಬದಿ:
ಮಳೆಯನ್ನು ಮಿಲಿಮೀಟರ್‌ನಲ್ಲಿ ಬರೆದಿದ್ದರೆ ಪೂರ್ಣಾಂಕವಾಗಿ ಇಡಬಹುದಿತ್ತು.

ನಾಪೋಕ್ಲು ಮಳೆಪುಸ್ತಕ:
ಕೊಡಗಿನಲ್ಲಿ ಮಳೆ ಇಂಚು, ಸೆಂಟ್‌ನಲ್ಲಿ (ಇಂಚಿನ ನೂರನೇ ಭಾಗ) ಬೀಳುತ್ತದೆ. ನಿಮ್ಮ ಊರಲ್ಲಿ ಬೀಳುವುದೇ ಕಡಿಮೆ, ನಿಮಗೆ ಮಿಲಿಮೀಟರ್ ಸಾಕು.

ಗೋಣಿಕೊಪ್ಪ ಸಂತೆ:
ನಾನು ಕೇಳಿದ್ದು ಮುಂದುವರಿಸಲಾ ಬಿಡಲಾ ಅಂತ. ಈಗ ನೋಡಿದರೆ ಚೆಕ್, ಜೆಸನ್, ವಿದೇಶಿ ಕೀಲಿ ಮೂರೂ ನನ್ನ ಪಟ್ಟಿಯಲ್ಲಿ ಬರೀ "ಇದೆ". ಯಾರಾದರೂ ತಗೊಳ್ತೀರಾ?

ಸಿದ್ದಾಪುರ ಓಟಿ:
ಲೈಸೆನ್ಸ್ ಕಾಲಂ ತೆಗೆದರೆ ನಾನು ತಗೊಳ್ತೇನೆ ಅಕ್ಕ. ಅದಕ್ಕೆ ಪರೀಕ್ಷೆ ಬರೆಯೋಕೆ ಆಗಲ್ಲ.

ಕುಶಾಲನಗರ ಹೊಳೆಬದಿ:
ಅದನ್ನು ತೆಗೆದು ಇಟ್ಟುಕೊಳ್ಳುವ ಪಟ್ಟಿ ಯಾರಿಗೆ ಬೇಕು?

ಮಡಿಕೇರಿ ಮಂಜು:
ಮುಚ್ಚಿದವರು ಮಾತಾಡ್ತಿದ್ದಾರೆ ನೋಡಿ.