ಅಂಗಡಿಯಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡವರನ್ನು ಮಗ ನೋಡಿದ, ಏನು ಹೇಳಲಿ?

ವಿದ್ಯಾನಗರದ ಮಗಳು, ಡಲ್ಲಾಸ್:
ಎಲ್ಲರಿಗೂ ನಮಸ್ಕಾರ್ರಿ. ಹುಬ್ಬಳ್ಳಿಯಿಂದ ಅಮೆರಿಕಕ್ಕೆ ಬಂದು ಐದು ತಿಂಗಳಾಯಿತು. ನಿನ್ನೆ ಕಿರಾಣಿ ಅಂಗಡಿಯಲ್ಲಿ ಬಿಲ್ ಮಾಡಿಸುವಾಗ ಮುಂದೆ ನಿಂತವರ ಸೊಂಟದಲ್ಲಿ ಪಿಸ್ತೂಲು ಇತ್ತು. ಪೊಲೀಸರಲ್ಲ, ನಮ್ಮ ಹಾಗೆ ಹಾಲು, ಬ್ರೆಡ್ ಕೊಳ್ಳಲು ಬಂದವರು. ಎಂಟು ವರ್ಷದ ಮಗ ರಾತ್ರಿ ನಿದ್ದೆ ಮಾಡಲಿಲ್ಲ. "ಅವ್ವಾ, ಅವರು ಶಾಲೆಗೂ ಬರ್ತಾರಾ?" ಅಂತ ಕೇಳಿದ. ಇದಕ್ಕೆ ಎಲ್ಲೆಲ್ಲಿ ತಡೆ ಇದೆ? ನಮ್ಮ ಮನೆಯವರಿಗೆ ಶಿಕಾಗೋದಲ್ಲೂ ಕೆಲಸ ಸಿಗುವ ಹಾಗಿದೆ, ಅಲ್ಲಿ ಹೇಗೆ? ಶನಿವಾರ ಮಗನನ್ನು ಗೆಳೆಯನ ಮನೆಗೆ ಆಡಲು ಕರೆದಿದ್ದಾರೆ. ಕಳಿಸಲೋ ಬೇಡವೋ ತಿಳಿಯುತ್ತಿಲ್ಲ.

ಮಾಳಮಡ್ಡಿ ಅಕ್ಕ, ಆಸ್ಟಿನ್:
ತಂಗಿ, ಶಾಲೆಯೊಳಗೆ ತರುವಂತಿಲ್ಲ ಅಂತ ಮೊದಲು ಮಗನಿಗೆ ಹೇಳು. ಪೊಲೀಸರು, ಶಾಲೆಯೇ ಅನುಮತಿ ಕೊಟ್ಟವರು ಬೇರೆ ಮಾತು. ಕೋರ್ಟು, ಮತದಾನದ ಜಾಗದಲ್ಲೂ ಇಲ್ಲ. ನಮ್ಮ ಟೆಕ್ಸಾಸಿನಲ್ಲಿ 2016ರಿಂದ ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಕಾಣುವಂತೆ ಕಟ್ಟಿಕೊಳ್ಳಬಹುದು. 2021ರ ಸೆಪ್ಟೆಂಬರಿನಿಂದ 21 ತುಂಬಿದವರಿಗೆ ಲೈಸೆನ್ಸೂ ಬೇಕಿಲ್ಲ, ಆದರೆ ಹೋಲ್‌ಸ್ಟರಿನಲ್ಲೇ, ಅಂದರೆ ಪಿಸ್ತೂಲಿನ ಚೀಲದಲ್ಲೇ, ಇರಬೇಕು. ಅಂಗಡಿಯವರು ಬೇಡ ಅನ್ನಬಹುದು. ಬಾಗಿಲಲ್ಲಿ 30.07 (ಇಲ್ಲಿನ ಕಾನೂನಿನ ಕಲಂ ನಂಬರ್) ಅಂತ ಬೋರ್ಡ್ ಇದ್ದರೆ ಲೈಸೆನ್ಸ್ ಇದ್ದವರು ಕಾಣುವಂತೆ ತರುವಂತಿಲ್ಲ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರುತ್ತದೆ. ನಾನು ಅಂಥ ಅಂಗಡಿಗೇ ಹೋಗುತ್ತೇನೆ. ಶಿಕಾಗೋ ಇರುವ ಇಲಿನಾಯ್‌ನಲ್ಲಿ ಹೀಗೆ ತೋರಿಸಿಕೊಂಡು ಓಡಾಡುವಂತಿಲ್ಲ, ಲೈಸೆನ್ಸ್ ಇದ್ದವರು ಮುಚ್ಚಿಟ್ಟುಕೊಳ್ಳಬೇಕು.

ಸಪ್ತಾಪುರದ ಕಾಕಾ, ನ್ಯೂಜೆರ್ಸಿ:
ಬೋರ್ಡ್ ನೋಡಿ ಹಾಲು ತರುವ ಬಾಳು ಬೇಕಾ? ನನ್ನ ಮಾತು ಕೇಳಮ್ಮಾ. ಮಗ ಹೈಸ್ಕೂಲಿಗೆ ಹೋಗುವ ಮೊದಲು ಊರು ಸೇರಿಬಿಡಿ. ನಾನು "ಇನ್ನೆರಡು ವರ್ಷ" ಅಂತ ಇಪ್ಪತ್ತಾರು ವರ್ಷ ಕಳೆದೆ. ಅಪ್ಪ ತೀರಿಕೊಂಡಾಗ ವಿಮಾನದಲ್ಲಿದ್ದೆ. ಮಕ್ಕಳು ಅಜ್ಜಿಯ ಜೊತೆ ಫೋನಿನಲ್ಲಿ ಎರಡೇ ಮಾತು ಆಡುತ್ತಾರೆ. ಉಣಕಲ್ ಕೆರೆ ದಂಡೆಯಲ್ಲಿ ಯಾರ ಸೊಂಟದಲ್ಲಿ ಪಿಸ್ತೂಲು ಇರುತ್ತದೆ ಹೇಳಿ?

ಕಲಘಟಗಿ ಕಡೆಯವನು, ಹ್ಯೂಸ್ಟನ್:
ಕಾಕಾ, ಬಂದೂಕು ನಮ್ಮಲ್ಲಿಲ್ಲವೇನು? ನಮ್ಮ ಮನೆಯಲ್ಲಿ ಒಂಟಿನಳಿಗೆ ಇತ್ತು. ಕಾಡುಹಂದಿ ಗೋವಿನಜೋಳಕ್ಕೆ ನುಗ್ಗುತ್ತಿದ್ದವು. ಖಂಡೇಪೂಜೆಗೆ ಅದಕ್ಕೂ ಕುಂಕುಮ ಹಚ್ಚುತ್ತಿದ್ದೆವು. ಆದರೆ ಪ್ರತಿ ಚುನಾವಣೆಗೆ ಠಾಣೆಗೆ ಒಪ್ಪಿಸಿ ಬರುತ್ತಿದ್ದೆವು. ಲೈಸೆನ್ಸ್ ನವೀಕರಣಕ್ಕೆ ಅಪ್ಪ ಧಾರವಾಡಕ್ಕೆ ಎಷ್ಟು ಸಲ ಅಲೆದರೋ. ಅದನ್ನು ಹೆಗಲಿಗೆ ಹಾಕಿಕೊಂಡು ಸಂತೆಗೆ ಮಾತ್ರ ಒಮ್ಮೆಯೂ ಹೋಗಲಿಲ್ಲ. ಅಷ್ಟು ಸಂಕೋಚ ಇತ್ತು ಅವರಿಗೆ. ತಂಗಿ, ನಾನು ಹತ್ತು ವರ್ಷದಿಂದ ಇಲ್ಲಿದ್ದೇನೆ, ಜನ ಒಳ್ಳೆಯವರು. ಸುಮ್ನೆ ಹೆದರಬೇಡಿ.

ಸಪ್ತಾಪುರದ ಕಾಕಾ:
ಒಳ್ಳೆಯವರು ಅಂತ ನಾನೂ ಒಪ್ಪುತ್ತೇನೆ. ಆದರೆ ರಾತ್ರಿ ನಿದ್ದೆ ಬಾರದೆ ಒದ್ದಾಡಿದ್ದು ಎಂಟು ವರ್ಷದ ಹುಡುಗ. ಅಲ್ವಾ?

ಗದಗಿನ ವೈನಿ, ಅಟ್ಲಾಂಟಾ:
ಊರಿಗೆ ಹೋದವರ ಕಥೆಯೂ ಕೇಳಿ. ನನ್ನ ತಮ್ಮ ಹೋದ. ಮಕ್ಕಳಿಗೆ ಶಾಲೆ ಹೊಂದಲಿಲ್ಲ, ಎರಡೇ ವರ್ಷಕ್ಕೆ ವಾಪಸ್ ಬಂದ. ನಮ್ಮ ಮಗಳು ಇಲ್ಲೇ ಹುಟ್ಟಿದವಳು, ವಚನ ಹೇಳುತ್ತಾಳೆ, ಜೋಳದ ರೊಟ್ಟಿ ಬಡಿಯುತ್ತಾಳೆ. ಎಲ್ಲಾ ಮನೆಯ ಮೇಲೆ ನಿಂತಿದೆ.

ಸಪ್ತಾಪುರದ ಕಾಕಾ:
ರೊಟ್ಟಿ ಬಡಿದರೆ ಮುಗಿಯಿತೇ? ಅಜ್ಜಿಯ ತೊಡೆ ಎಲ್ಲಿಂದ ತರುತ್ತೀರಿ?

(ಇದರ ಕೆಳಗೆ ಊರಿಗೆ ಹೋಗಬೇಕೋ ಬೇಡವೋ ಅಂತ ಮೂವತ್ತೊಂದು ಮಾತು.)

ಮಾಳಮಡ್ಡಿ ಅಕ್ಕ:
ಶನಿವಾರದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ತಂಗಿ, ಆ ಹುಡುಗನ ತಾಯಿಗೆ ಫೋನ್ ಮಾಡಿ ನೇರವಾಗಿ ಕೇಳು: "ಮನೆಯಲ್ಲಿ ಬಂದೂಕು ಇದೆಯಾ? ಗುಂಡು ತೆಗೆದು, ಬೀಗ ಹಾಕಿ ಇಟ್ಟಿದ್ದೀರಾ? ಗುಂಡು ಬೇರೆ ಕಡೆ ಇದೆಯಾ?" ಇಲ್ಲಿನ ಮಕ್ಕಳ ಡಾಕ್ಟರುಗಳೂ ಹೀಗೇ ಇಡಬೇಕು ಅನ್ನುತ್ತಾರೆ. ಗುಂಡು ತುಂಬಿದ ಬಂದೂಕನ್ನು ಭದ್ರವಾಗಿಡದೆ ಅದು ಮಕ್ಕಳ ಕೈಗೆ ಸಿಕ್ಕಿದರೆ ಟೆಕ್ಸಾಸಿನಲ್ಲಿ ಅಪರಾಧ. ಮೊದಲ ಸಲ ಕೇಳುವಾಗ ನನಗೂ ನಾಲಿಗೆ ತಡವರಿಸಿತ್ತು. ಆಕೆ ಸಿಟ್ಟಾಗಲಿಲ್ಲ, ಕಪಾಟು ತೋರಿಸಿದಳು.

ವಿದ್ಯಾನಗರದ ಮಗಳು:
ಅಕ್ಕಾ, ಈಗ ಫೋನ್ ಮಾಡಿದೆ. ಅವರ ಮನೆಯಲ್ಲಿ ಎರಡು ಇವೆಯಂತೆ, ಬೀಗದಲ್ಲಿವೆಯಂತೆ. ಶನಿವಾರ ಹುಡುಗರನ್ನು ನಮ್ಮ ಮನೆಗೇ ಕರೆದೆ, ಮಿರ್ಚಿ ಭಜಿ ಮಾಡುತ್ತೇನೆ. ಆ ಬೋರ್ಡಿನ ನಂಬರ್ ಎಷ್ಟು ಅಂದಿರಿ? ಮೇಲೆ ಹುಡುಕಿದೆ, ಸಿಗಲಿಲ್ಲ.

ಮಾಳಮಡ್ಡಿ ಅಕ್ಕ:
30.07.