‘ನೆಟ್ಟಿಗರು ಗರಂ’ ಎಂದರೆ ಎಷ್ಟು ಜನ? ಜಾಲತಾಣ ಬಳಕೆದಾರರ ಪಡಿಯಚ್ಚನ್ನು ಅಳೆಯುವುದು ಹೇಗೆ?

ಪ್ರಶ್ನೆ – ಸುದ್ದಿಓದುಗ

ಎಂ.ಎ. ಕಿರುಪ್ರಬಂಧಕ್ಕಾಗಿ, ಕನ್ನಡ ದಿನಪತ್ರಿಕೆಗಳು ಜಾಲತಾಣ ಬಳಸುವವರನ್ನು ಹೇಗೆ ಚಿತ್ರಿಸುತ್ತವೆ ಎಂದು ನೋಡಬೇಕಿದೆ. ಹುಡುಗಿಯಾದರೆ ‘ಫೇಸ್‌ಬುಕ್ ಪ್ರೀತಿಗೆ ಮರುಳಾದವಳು’, ಹುಡುಗನಾದರೆ ‘ರೀಲ್ಸ್ ಹುಚ್ಚು’, ಎಲ್ಲರೂ ಸೇರಿದರೆ ‘ನೆಟ್ಟಿಗರು ಗರಂ’. ಇಂಥ ಸಿದ್ಧ ಚಿತ್ರವನ್ನೇ ಪಡಿಯಚ್ಚು ಅನ್ನುತ್ತಿದ್ದೇನೆ. ಆದರೆ ಉದಾಹರಣೆ ಹೆಕ್ಕಿ ತೋರಿಸಿದರೆ ‘ನಿಮಗೆ ಬೇಕಾದ್ದನ್ನೇ ಆರಿಸಿದ್ದೀರಿ’ ಅನ್ನುತ್ತಾರೆ. ಎಷ್ಟು ಸಂಚಿಕೆ ಓದಬೇಕು, ಏನನ್ನು ಎಣಿಸಬೇಕು?

ಉತ್ತರ – ಕಲಂಎಣಿಕೆ

ಒಂದು ಪತ್ರಿಕೆಯ ಒಂದು ವರ್ಷಕ್ಕೆ ಎರಡು ‘ಕಟ್ಟಿದ ವಾರ’ ಎಂಬುದು ರೂಢಿ. ವರ್ಷದ ಎಲ್ಲ ಸೋಮವಾರಗಳಿಂದ ಚೀಟಿ ಎತ್ತಿ ಎರಡು, ಮಂಗಳವಾರಗಳಿಂದ ಎರಡು, ಹೀಗೆ 14 ಸಂಚಿಕೆ. ಸತತ 14 ದಿನ ತೆಗೆದುಕೊಂಡರೆ ಆ ವಾರ ಸದ್ದು ಮಾಡಿದ ಒಂದೇ ಪ್ರಕರಣ ಇಡೀ ಲೆಕ್ಕವನ್ನು ನುಂಗಿಬಿಡುತ್ತದೆ. ನಿಮ್ಮ ವಿಷಯ ದಿನಾ ಬರುವಂಥದ್ದಲ್ಲ, ಹಾಗಾಗಿ ಸುದ್ದಿ ತೀರಾ ಕಡಿಮೆ ಸಿಕ್ಕರೆ 28ಕ್ಕೆ ಹೋಗಿ.

ವೆಬ್‌ಸೈಟಿನಲ್ಲಿ ಹುಡುಕಿ ಸುದ್ದಿ ಒಟ್ಟುಮಾಡುವವರು ಎಡವುವುದು ಕಾಗುಣಿತದಲ್ಲಿ. ‘ಫೇಸ್‌ಬುಕ್’, ‘ಫೇಸ್ಬುಕ್’ ಕಂಪ್ಯೂಟರಿಗೆ ಬೇರೆಬೇರೆ ಪದ. ಮೊದಲನೆಯದರ ನಡುವೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವೊಂದು ಇರುತ್ತದೆ. ವಾಟ್ಸಪ್, ವಾಟ್ಸಾಪ್, ವಾಟ್ಸ್‌ಆ್ಯಪ್ ಮೂರನ್ನೂ ಹುಡುಕಿ. ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಆದರೆ ಹುಡುಕಾಟ ನಡೆಯುವುದೇ ಇಲ್ಲ, ಪುಟ ತಿರುವಿ ಓದಬೇಕು.

ಎಣಿಕೆಯ ಕೋಷ್ಟಕದಲ್ಲಿ ಶೀರ್ಷಿಕೆಗೊಂದು ಸಾಲು, ವರದಿಗೊಂದು ಸಾಲು ಇಡಿ. ಶೀರ್ಷಿಕೆ ಕೊಡುವುದು ಹೆಚ್ಚಾಗಿ ವರದಿಗಾರರಲ್ಲ, ಕಚೇರಿಯಲ್ಲಿ ಕೂತು ಸುದ್ದಿ ತಿದ್ದುವ ಡೆಸ್ಕಿನವರು. ವರದಿಯಲ್ಲಿ ಇಲ್ಲದ ‘ಗೀಳು’ ಅಲ್ಲಿ ಸೇರಿಕೊಂಡಿರುತ್ತದೆ. ಕೋಷ್ಟಕದ ಕಲಂಗಳು: ಬಳಕೆದಾರರ ವಯಸ್ಸು, ಲಿಂಗ, ಪಾತ್ರ (ಮೋಸಹೋದವರು, ವಂಚಕರು, ಗೀಳು ಹಿಡಿದವರು, ಸಾಧಕರು, ಬರೀ ಬಳಸುವವರು), ಮತ್ತೆ ಅವರ ಸ್ವಂತ ಮಾತು ವರದಿಯಲ್ಲಿದೆಯೇ ಎಂಬುದು. ಈ ಕೊನೆಯದನ್ನು ಬಿಡಲೇಬೇಡಿ.

ಕನಿಷ್ಠ ನೂರಕ್ಕೆ 10ರಷ್ಟು ಸುದ್ದಿಗಳನ್ನು ಇನ್ನೊಬ್ಬರಿಂದಲೂ ಗುರುತು ಮಾಡಿಸಿ, ಅವರು ನಿಮ್ಮ ಗುರುತು ನೋಡಿರಬಾರದು. ಇಬ್ಬರ ಹೊಂದಾಣಿಕೆಯನ್ನು ಬರೀ ಶೇಕಡಾವಾರು ಹೇಳಬೇಡಿ, ಕಾಕತಾಳೀಯವಾಗಿ ಕೂಡಿಬಂದದ್ದೂ ಅದರಲ್ಲಿ ಸೇರಿರುತ್ತದೆ. ಕಾಕತಾಳೀಯವನ್ನು ಕಳೆದು ಹೊಂದಾಣಿಕೆ ಅಳೆಯುವ ಕ್ರಿಪ್ಪೆಂಡಾರ್ಫ್ ಆಲ್ಫಾ 0.80 ದಾಟಿದರೆ ಸರಿ, 0.667ಕ್ಕಿಂತ ಕೆಳಗಿದ್ದರೆ ಪಾತ್ರಗಳ ವ್ಯಾಖ್ಯೆಯನ್ನೇ ತಿದ್ದಬೇಕು.

ಉತ್ತರ – ಅಂಕಿಅಂಶ

‘ಜಾಲತಾಣದಿಂದ ಖಿನ್ನತೆ’ ಮಾದರಿಯ ಸುದ್ದಿಗೆ ಬೇರೆ ಕಲಂ ಮಾಡಿ. 2011ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘದ ವರದಿಯೊಂದು ‘ಫೇಸ್‌ಬುಕ್ ಖಿನ್ನತೆ’ ಎಂಬ ಪದ ಬಳಸಿತು, ಮಾಧ್ಯಮಗಳು ಅದನ್ನು ಕಾಯಿಲೆಯ ಹೆಸರಿನಂತೆ ಹರಡಿದವು. 2019ರಲ್ಲಿ ಆಕ್ಸ್‌ಫರ್ಡ್‌ನ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ 3,55,358 ಹದಿಹರೆಯದವರ ಸಮೀಕ್ಷೆಗಳನ್ನು ಜಾಲಾಡಿದಾಗ, ಅವರ ನೆಮ್ಮದಿಯಲ್ಲಿನ ಏರುಪೇರಿನಲ್ಲಿ ಡಿಜಿಟಲ್ ಬಳಕೆ ವಿವರಿಸಿದ್ದು ಹೆಚ್ಚೆಂದರೆ ಶೇ 0.4. ಇದು ಸರಾಸರಿ, ಒಂದೊಂದು ಮಗುವಿಗೆ ತೊಂದರೆಯೇ ಇಲ್ಲ ಎಂದು ಇದರಿಂದ ಹೇಳಲಾಗದು. ವರದಿಯಲ್ಲಿ ‘ಸಂಬಂಧ ಇದೆ’ ಎಂಬುದು ಶೀರ್ಷಿಕೆಗೆ ಬರುವಾಗ ‘ಕಾರಣ’ ಆಯಿತೇ ಎಂಬುದನ್ನು ಗುರುತಿಸಿ.

ಉತ್ತರ – ಬೀದರಿನವ

ಅಪರಾಧ ಸುದ್ದಿಗೆ ಒಂದು ಸುಲಭ ಪರೀಕ್ಷೆ: ‘ಫೇಸ್‌ಬುಕ್ ಗೆಳೆಯ’ ಇದ್ದಲ್ಲಿ ‘ಬಸ್ಸಿನಲ್ಲಿ ಪರಿಚಯವಾದವ’ ಎಂದು ಹಾಕಿ ಓದಿ. ಏನೂ ಬದಲಾಗದಿದ್ದರೆ ಜಾಲತಾಣದ ಹೆಸರು ಬರೀ ಒಗ್ಗರಣೆ. ನಕಲಿ ಖಾತೆಯಿಂದಲೇ ಮೋಸ ನಡೆದಿದ್ದರೆ ಹೆಸರು ಅಲ್ಲಿ ಬೇಕೇ ಬೇಕು.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂದು ಶಂಕಿಸಿ ಗುಂಪೊಂದು ಒಬ್ಬ ಎಂಜಿನಿಯರ್‌ನನ್ನು ಹೊಡೆದು ಕೊಂದಿತು. ‘ವಾಟ್ಸ್‌ಆ್ಯಪ್ ವದಂತಿಗೆ ಬಲಿ’ ಎಂಬಂಥ ಶೀರ್ಷಿಕೆಯಲ್ಲಿ ಹೊಡೆದವರು ಮಾಯ, ಉಳಿದವರು ‘ಬುದ್ಧಿಯಿಲ್ಲದ ಫಾರ್ವರ್ಡ್ ವೀರರು’. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು 5 ಚಾಟ್‌ಗೆ ಇಳಿಸಿತು, 2020ರ ಏಪ್ರಿಲ್‌ನಲ್ಲಿ ಹಲವು ಸಲ ಫಾರ್ವರ್ಡ್ ಆದದ್ದಕ್ಕೆ 1 ಚಾಟ್‌ಗೆ. ವೇಗ ಇದ್ದದ್ದು ಆ್ಯಪಿನ ವಿನ್ಯಾಸದಲ್ಲೂ. ಆದ್ದರಿಂದ ‘ಹೊಣೆ ಯಾರ ಮೇಲೆ’ ಎಂಬ ಕಲಂನಲ್ಲಿ ಬಳಕೆದಾರ, ಕಂಪನಿ, ಕೃತ್ಯ ಎಸಗಿದವ, ಪೊಲೀಸ್ – ನಾಲ್ಕನ್ನೂ ಬೇರೆ ಇಡಿ.

ಪ್ರಶ್ನೆ – ಸುದ್ದಿಓದುಗ

ಧನ್ಯವಾದ. ‘ನೆಟ್ಟಿಗರು’ ಯಾವ ಕಲಂಗೆ?

ಉತ್ತರ – ಕಲಂಎಣಿಕೆ

ಅದಕ್ಕೆ ಅಂಕಿಯ ಕಲಂ: ವರದಿಯಲ್ಲಿ ತೋರಿಸಿದ ಪೋಸ್ಟ್ ಎಷ್ಟು, ಬೇರೆಬೇರೆ ಖಾತೆ ಎಷ್ಟು. ಪೋಸ್ಟ್ ಎಕ್ಸ್‌ನದ್ದಾದರೆ ಅಡ್ವಾನ್ಸ್ಡ್ ಸರ್ಚ್‌ನಲ್ಲಿ ಅದೇ ಪದ, ಅದೇ ಎರಡು ದಿನದ ದಿನಾಂಕ ಹಾಕಿ ಎದುರು ಅಭಿಪ್ರಾಯವೂ ಇತ್ತೇ ನೋಡಿ. ಅಳಿಸಿದ ಪೋಸ್ಟ್ ಸಿಗುವುದಿಲ್ಲ, ಹಾಗಾಗಿ ಹುಡುಕಿದ ದಿನವನ್ನೂ ಬರೆದಿಡಿ. ಒಂದೂ ಪೋಸ್ಟ್ ತೋರಿಸದೆ ‘ನೆಟ್ಟಿಗರ ಆಕ್ರೋಶ’ ಎಂದಿದ್ದರೆ ಕಲಂ ಖಾಲಿ ಬಿಡಬೇಡಿ, 0 ಎಂದು ಬರೆಯಿರಿ.